ನರವಿಜ್ಞಾನದ ಐದು ವರ್ಷದ ಓದಿನಲ್ಲಿ ಏನಿದೆ? ಅಡಿಕೆ ಸೊಕ್ಕಿನಿಂದ ಶುರುಮಾಡಿ ಒಂದು ವಿವರಣೆ

ಜೂನ್ ಕೊನೆಯ ವಾರ, ಮಳೆ ಹಿಡಿದ ಒಂದು ಮಧ್ಯಾಹ್ನ, ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಅಪ್ಪ-ಮಗಳು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಮಗಳಿಗೆ ಪಿಯುಸಿಯಲ್ಲಿ ಎರಡು ವರ್ಷ ಜೀವಶಾಸ್ತ್ರ ಹೇಳಿದವಳು ನಾನೇ. ನೀಟ್ ಬರೆದಿದ್ದಳು, ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಅದರ ಜೊತೆಗೇ ಬರೆದ ಇನ್ನೊಂದು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಳು. ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸು ಸೇರಿ ನ್ಯೂರೋಸೈನ್ಸ್, ಅಂದರೆ ನರವಿಜ್ಞಾನ, ಓದಬೇಕು ಎನ್ನುವುದು ಅವಳ ಆಸೆ. ಅಪ್ಪ ಕೊಡೆ ಮಡಚಿ ಮೂಲೆಗಿಟ್ಟು, ಕೂತವರೇ ಕೇಳಿದರು: “ಮೇಡಂ, ಇದು ನರದ ಡಾಕ್ಟ್ರು ಓದಾ? ಐದು ವರ್ಷ ಆದ್ಮೇಲೆ ಮಣಿಪಾಲದಂಥ ಕಡೆ ಕೂತು ಪೇಷೆಂಟ್ ನೋಡ್ತಾಳಾ?”

ಇಂಥ ಪ್ರಶ್ನೆಯನ್ನು ಈಚೆಗೆ ಬೇರೆ ಮನೆಯವರೂ ಕೇಳುತ್ತಿದ್ದಾರೆ. ಅಂದು ಅವರಿಬ್ಬರಿಗೆ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ನರತಜ್ಞ ಬೇರೆ, ನರವಿಜ್ಞಾನಿ ಬೇರೆ

ಮೊದಲು ಅಪ್ಪನ ಪ್ರಶ್ನೆಗೆ ಉತ್ತರ: ಇಲ್ಲ. ರೋಗಿಯನ್ನು ನೋಡಿ ಔಷಧಿ ಬರೆಯುವವರು ನರತಜ್ಞರು, ಅಂದರೆ ನ್ಯೂರಾಲಜಿಸ್ಟ್. ಅದಕ್ಕೆ ಎಂಬಿಬಿಎಸ್ ಆಗಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಮೂರು ವರ್ಷ ಎಂಡಿ, ಅದಾದ ಮೇಲೆ ಮೂರು ವರ್ಷ ಡಿಎಂ. ತಲೆ ತೆರೆದು ಶಸ್ತ್ರಚಿಕಿತ್ಸೆ ಮಾಡುವ ನ್ಯೂರೋಸರ್ಜನ್ ಹಾದಿಯೂ ಎಂಬಿಬಿಎಸ್‌ನಿಂದಲೇ ಹೊರಡುತ್ತದೆ. ಮನೋವೈದ್ಯರದೂ ಅಷ್ಟೇ.

ನರವಿಜ್ಞಾನಿ ರೋಗಿಯನ್ನು ನೋಡುವುದಿಲ್ಲ. ನರ, ಮಿದುಳು, ಬೆನ್ನುಹುರಿ ಹೇಗೆ ಕೆಲಸ ಮಾಡುತ್ತವೆ, ಯಾಕೆ ಕೆಡುತ್ತವೆ ಎಂದು ಹುಡುಕುವುದು ಅವರ ಕೆಲಸ. ಕೈನಡುಕ ಬಂದ ಅಜ್ಜನಿಗೆ ಯಾವ ಮಾತ್ರೆ, ಎಷ್ಟು ಎಂದು ತೀರ್ಮಾನಿಸುವವರು ನರತಜ್ಞರು. ಆ ಮಾತ್ರೆ ಹುಟ್ಟಬೇಕಾದರೆ, ನಡುಕಕ್ಕೆ ಮಿದುಳಿನ ಯಾವ ಮೂಲೆಯ ಯಾವ ಜೀವಕೋಶ ಸತ್ತದ್ದು ಕಾರಣ ಎಂದು ಯಾರಾದರೂ ಮೊದಲು ಕಂಡುಹಿಡಿದಿರಬೇಕಲ್ಲ, ಅವರು ನರವಿಜ್ಞಾನಿಗಳು. ಈ ವ್ಯತ್ಯಾಸ ತಿಳಿಯದೆ ಸೇರಿ, ಮೂರನೇ ವರ್ಷದಲ್ಲಿ ‘ಡಾಕ್ಟರ್ ಆಗೋದಿಲ್ವಂತೆ’ ಎಂದು ಮನೆಯವರೆಲ್ಲ ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳಿದೆ.

ಅಡಿಕೆ ಸೊಕ್ಕಿದಾಗ ಆಗುವುದೇನು

ಈ ಶಾಸ್ತ್ರ ಯಾವುದರ ಬಗ್ಗೆ ಎಂದು ಹೇಳಲು ನನಗೆ ಅಡಿಕೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಕೊಯ್ಲಿನ ಕಾಲ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹೆಂಗಸರು, ಗಂಡಸರು ಅಡಿಕೆ ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ಹಂಡೆ ಕುದಿಯುತ್ತಿದೆ, ಚೊಗರಿನ ವಾಸನೆ. ಆರೇಳು ವರ್ಷದ ಮಗುವೊಂದು ಯಾರಿಗೂ ಕಾಣದ ಹಾಗೆ ಹಸಿ ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡು ಅಗಿಯುತ್ತದೆ. ಎರಡು ನಿಮಿಷಕ್ಕೆ ಕಿವಿ ಬಿಸಿಯಾಗುತ್ತದೆ. ಹಣೆಯಲ್ಲಿ ಬೆವರು ಒಡೆಯುತ್ತದೆ, ಬಾಯಲ್ಲಿ ನೀರು ತುಂಬುತ್ತದೆ, ತಲೆ ಗಿರ್ ಎನ್ನುತ್ತದೆ. “ಅಡಿಕೆ ಸೊಕ್ಕಿತು ಮಗೂಗೆ” ಎಂದು ಅಜ್ಜಿ ನೀರು ಕುಡಿಸಿ, ಬೆಲ್ಲದ ಚೂರು ಕೊಟ್ಟು ಮಲಗಿಸುತ್ತಾಳೆ. ಆ ಮಗು ನಾನೇ ಆಗಿದ್ದೆ.

ಬಾಯಲ್ಲಿ ಅಗಿದದ್ದಕ್ಕೆ ಹಣೆ ಯಾಕೆ ಬೆವರಬೇಕು? ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕವಿದೆ. ನಮ್ಮ ದೇಹದಲ್ಲಿ ನರಗಳು ತಾವೇ ತಯಾರಿಸಿಕೊಳ್ಳುವ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವಿದೆ. ‘ಬೆವರು ಬಿಡು’ ಎಂದು ಬೆವರಿನ ಗ್ರಂಥಿಗೆ, ‘ಜೊಲ್ಲು ಸುರಿಸು’ ಎಂದು ಬಾಯಿಯ ಗ್ರಂಥಿಗೆ ನರಗಳು ಸುದ್ದಿ ಮುಟ್ಟಿಸುವುದು ಇದರ ಮೂಲಕ. ಗ್ರಂಥಿಯ ಮೇಲೆ ಅದಕ್ಕೆಂದೇ ಒಂದು ಬೀಗ, ಅಸಿಟೈಲ್‌ಕೋಲಿನ್ ಅದರ ಕೀಲಿಕೈ. ಅರೆಕೋಲಿನ್‌ನ ಆಕಾರ ಆ ಕೀಲಿಕೈಯನ್ನೇ ಹೋಲುತ್ತದೆ. ನರ ಏನೂ ಹೇಳದಿದ್ದರೂ ನಕಲಿ ಕೀಲಿಕೈ ಬಂದು ಬೀಗ ತಿರುಗಿಸುತ್ತದೆ, ಗ್ರಂಥಿ ಬೆವರು ಸುರಿಸುತ್ತದೆ. ರಕ್ತದಿಂದ ಮಿದುಳಿಗೂ ದಾಟುವುದರಿಂದ ತಲೆಯೂ ತಿರುಗುತ್ತದೆ.

ಈ ಒಂದು ವಸ್ತುವಿನ, ಅಸಿಟೈಲ್‌ಕೋಲಿನ್‌ನ, ಬೆನ್ನು ಹತ್ತಿದರೆ ಇಡೀ ನರವಿಜ್ಞಾನದ ಒಂದು ಸುತ್ತು ಹಾಕಿ ಬರಬಹುದು.

ಒಂದು ನರಕೋಶ: ಸೋಗೆ, ಕಾಂಡ, ಬೇರು

ಮನುಷ್ಯನ ಮಿದುಳು ಸುಮಾರು 1.3ರಿಂದ 1.4 ಕಿಲೋ ತೂಗುತ್ತದೆ. ಹಸಿಯಾಗಿದ್ದಾಗ ನಮ್ಮ ಹಾಲುಬಾಯಿಯಷ್ಟು ಮೆತ್ತಗೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಗ್ರಹಾಲಯದಲ್ಲಿ ಸಾರ್ವಜನಿಕರೂ ಕೈಯಲ್ಲಿ ಹಿಡಿದು ನೋಡುವ ಮಿದುಳು ಗಟ್ಟಿ ಇರುತ್ತದೆ, ರಾಸಾಯನಿಕದಲ್ಲಿ ಇಟ್ಟದ್ದರಿಂದ. ಅದರಲ್ಲಿರುವ ನರಕೋಶಗಳು, ಅಂದರೆ ನ್ಯೂರಾನ್‌ಗಳು, ಸುಮಾರು 8,600 ಕೋಟಿ.

ನರಕೋಶದ ಆಕಾರ ತಿಳಿಯಲು ಒಂದು ಅಡಿಕೆ ಮರ ನೆನಪಿಸಿಕೊಂಡರೆ ಸಾಕು. ಮೇಲೆ ಹರಡಿದ ಸೋಗೆಯಂಥ ಟಿಸಿಲುಗಳು ಬೇರೆ ನರಕೋಶಗಳಿಂದ ಸುದ್ದಿ ಪಡೆಯುತ್ತವೆ, ಅವು ಡೆಂಡ್ರೈಟ್. ಸಪೂರ, ಉದ್ದ ಕಾಂಡ ಆಕ್ಸಾನ್. ಕೆಳಗೆ ಬೇರಿನ ತುದಿಗಳು ಮುಂದಿನ ಕೋಶಕ್ಕೆ ಸುದ್ದಿ ಕೊಡುತ್ತವೆ. ಅಳತೆ ಮಾತ್ರ ನಂಬಲಾಗದ್ದು: ಸೊಂಟದ ಬಳಿಯಿಂದ ಕಾಲ್ಬೆರಳವರೆಗೆ ಹೋಗುವ ಒಂದೇ ಒಂದು ಕೋಶದ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದವಿರುತ್ತದೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ.

ಲಿಂಗನಮಕ್ಕಿಯ ಗೇಟು

ಕಾಂಡದುದ್ದಕ್ಕೂ ಸುದ್ದಿ ಹೋಗುವುದು ವಿದ್ಯುತ್ತಾಗಿ. ಆದರೆ ಮೆಸ್ಕಾಂ ತಂತಿಯಲ್ಲಿ ಹರಿಯುವ ಹಾಗಲ್ಲ. ಅರ್ಥಮಾಡಿಕೊಳ್ಳಲು ಲಿಂಗನಮಕ್ಕಿ ಅಣೆಕಟ್ಟಿಗೆ ಹೋಗೋಣ.

ಅಣೆಕಟ್ಟಿನ ಒಂದು ಕಡೆ ನೀರು ಎತ್ತರಕ್ಕೆ ನಿಂತಿದೆ, ಇನ್ನೊಂದು ಕಡೆ ಇಲ್ಲ. ಗೇಟು ಮುಚ್ಚಿರುವಷ್ಟು ಹೊತ್ತು ಏನೂ ಆಗುವುದಿಲ್ಲ, ಆದರೆ ಒತ್ತಡ ಕಾದಿರುತ್ತದೆ. ನರಕೋಶದ ಪೊರೆಯೂ ಹಾಗೆಯೇ ಒಂದು ಅಣೆಕಟ್ಟು. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಈ ಏರುಪೇರನ್ನು ಕಾಪಾಡಲು ಪೊರೆಯಲ್ಲಿರುವ ಪುಟ್ಟ ಪಂಪುಗಳು ಹಗಲೂ ರಾತ್ರಿ ದುಡಿಯುತ್ತವೆ: ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಶೇ 20ರಷ್ಟು ತಿನ್ನುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಈ ಪಂಪುಗಳಿಗೇ ಹೋಗುತ್ತದೆ. ಪರಿಣಾಮವಾಗಿ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ಇಪ್ಪತ್ತನೇ ಒಂದು ಭಾಗ.

ಸುದ್ದಿ ಬಂತು ಎಂದರೆ ಪೊರೆಯ ಒಂದು ಕಡೆ ಗೇಟು ತೆರೆಯಿತು ಎಂದರ್ಥ. ಸೋಡಿಯಂ ಒಳನುಗ್ಗುತ್ತದೆ. ಆ ನುಗ್ಗಾಟ ಪಕ್ಕದ ಗೇಟನ್ನು ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಅಲೆ ಕಾಂಡದ ತುದಿಯವರೆಗೆ ಓಡುತ್ತದೆ. ಕೊಬ್ಬಿನ ಹೊದಿಕೆಯಿರುವ ದಪ್ಪ ಆಕ್ಸಾನ್‌ಗಳಲ್ಲಿ ಇದರ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಹೊದಿಕೆಯಿಲ್ಲದ ಸಪೂರ ಆಕ್ಸಾನ್‌ಗಳಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಕಲ್ಲು ಎಡವಿದಾಗ ಮೊದಲು ಚುರುಕ್ ಎನ್ನುವ ನೋವು, ಕ್ಷಣ ಬಿಟ್ಟು ಆಳದ ಮಂದ ನೋವು ಬರುತ್ತದಲ್ಲ, ಅವು ಬೇರೆ ಬೇರೆ ವೇಗದ ಎರಡು ದಾರಿಯಲ್ಲಿ ಬಂದ ಒಂದೇ ಪೆಟ್ಟಿನ ಸುದ್ದಿಗಳು.

ಇದನ್ನು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲೀ. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನಲ್ಲಿ ಒಂದು ಮಿಲಿಮೀಟರ್‌ವರೆಗೂ ದಪ್ಪವಿರುವ ದೈತ್ಯ ಆಕ್ಸಾನ್ ಇದೆ. ಅದರೊಳಗೆ ತಂತಿ ತೂರಿಸಿ ಅಳೆದು, 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ಬರೆದರು. ಕಂಪ್ಯೂಟರ್ ಸಿಗದೆ ಹಕ್ಸ್‌ಲೀ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ಕೂತು ಬಿಡಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನರವಿಜ್ಞಾನ ಓದುವವರು ಇಂದಿಗೂ ಈ ಸಮೀಕರಣಗಳನ್ನು ಕಲಿಯುತ್ತಾರೆ. ‘ಬಯಾಲಜಿ ಅಲ್ವಾ, ಲೆಕ್ಕ ಯಾಕೆ’ ಎನ್ನುವವರಿಗೆ ನಾನು ಈ ಕಥೆಯನ್ನೇ ಹೇಳುವುದು.

ಎರಡು ಕಪ್ಪೆಗಳ ಹೃದಯ

ಕಾಂಡದ ತುದಿ ಮುಟ್ಟಿದ ಅಲೆ ಮುಂದಿನ ಕೋಶಕ್ಕೆ ಹೇಗೆ ದಾಟುತ್ತದೆ? ನಡುವೆ ಒಂದು ಸಂದು ಇದೆ, ಮಿಲಿಮೀಟರಿನ ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಕಿರಿದು. ಆ ಕೂಡುತಾಣಕ್ಕೆ ಸಿನಾಪ್ಸ್ ಎಂದು ಹೆಸರು. ಕಿಡಿ ಹಾರಿದ ಹಾಗೆ ವಿದ್ಯುತ್ತೇ ಹಾರುತ್ತದೆ ಎಂದು ಕೆಲವರು, ಏನೋ ರಾಸಾಯನಿಕ ಸುರಿಯುತ್ತದೆ ಎಂದು ಕೆಲವರು ವಾದಿಸುತ್ತಿದ್ದರು.

ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಆಟೊ ಲೋವಿ ಎಂಬ ವಿಜ್ಞಾನಿಗೆ ಇದರ ಪ್ರಯೋಗ ಕನಸಿನಲ್ಲಿ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಿಗ್ಗೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂದಾಗ ಎದ್ದು ನೇರ ಪ್ರಯೋಗಾಲಯಕ್ಕೇ ಹೋದ. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿಟ್ಟ. ಒಂದಕ್ಕೆ ನರ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಮೊದಲನೆಯದರ ನರಕ್ಕೆ ವಿದ್ಯುತ್ ತಾಗಿಸಿದಾಗ ಅದರ ಬಡಿತ ನಿಧಾನವಾಯಿತು. ಆಗ ಅದನ್ನು ತೋಯಿಸಿದ್ದ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದ. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು! ನರ ಏನನ್ನೋ ನೀರಿಗೆ ಬಿಟ್ಟಿತ್ತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ‘ಏನೋ’ ಆಮೇಲೆ ಅಸಿಟೈಲ್‌ಕೋಲಿನ್ ಎಂದು ಗೊತ್ತಾಯಿತು. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ ನೊಬೆಲ್ ಸಿಕ್ಕಿತು. ಇಷ್ಟು ಸರಳವಾಗಿ ಇಷ್ಟು ದೊಡ್ಡ ಮಾತನ್ನು ತೋರಿಸಿದ ಪ್ರಯೋಗಗಳು ವಿಜ್ಞಾನದಲ್ಲಿ ಕಡಿಮೆ.

ಅದೇ ಬೀಗ: ಕವಳ, ಹಾವು, ಕೀಟನಾಶಕ

ಅಸಿಟೈಲ್‌ಕೋಲಿನ್‌ಗೆ ಬೀಗ ಒಂದೇ ಬಗೆಯದಲ್ಲ, ಮುಖ್ಯವಾಗಿ ಎರಡು. ಬೆವರು, ಜೊಲ್ಲು, ಹೃದಯದ ಕಡೆಯದು ಮಸ್ಕರಿನಿಕ್ ಜಾತಿ. ಕೈಕಾಲು ಆಡಿಸುವ ಸ್ನಾಯುಗಳ ಮೇಲಿರುವುದು ನಿಕೋಟಿನಿಕ್ ಜಾತಿ. ಎರಡೂ ಜಾತಿ ಮಿದುಳಿನಲ್ಲಿವೆ. ಇಷ್ಟು ಹೇಳುವ ಹೊತ್ತಿಗೆ ಅಪ್ಪ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಚೂರು ಹೊಗೆಸೊಪ್ಪು ಮುರಿದು ಕವಳ ಕಟ್ಟುತ್ತಿದ್ದರು. “ಅಪ್ಪಾ, ಅಡಿಕೆ ಒಂದು ಬೀಗಕ್ಕೆ, ಹೊಗೆಸೊಪ್ಪು ಇನ್ನೊಂದು ಬೀಗಕ್ಕೆ” ಎಂದಳು ಮಗಳು. ಹೌದು, ಎರಡನೇ ಬೀಗಕ್ಕೆ ಆ ಹೆಸರು ಬಂದದ್ದೇ ಹೊಗೆಸೊಪ್ಪಿನ ನಿಕೋಟಿನ್ ಅದಕ್ಕೆ ಕೂರುವುದರಿಂದ. ಅಡಿಕೆ ಹೆಚ್ಚಾಗಿ ತಿರುಗಿಸುವುದು ಮೊದಲನೆಯದನ್ನು.

ನಾಗರಹಾವು, ಕಾಳಿಂಗ ಸರ್ಪಗಳ ವಿಷದಲ್ಲಿರುವ ಪ್ರೋಟೀನು ಸ್ನಾಯುವಿನ ಬೀಗದ ಕಿಂಡಿಯಲ್ಲಿ ಕೂತು ಬಿಡುತ್ತದೆ, ತಿರುಗುವುದೂ ಇಲ್ಲ, ಕೀಲಿಕೈಗೆ ಜಾಗ ಬಿಡುವುದೂ ಇಲ್ಲ. ನರ ‘ಆಡು’ ಎಂದು ಕೂಗಿದರೂ ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲು ರೆಪ್ಪೆ ಜೋತು ಬೀಳುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಕಟ್ಟುಹಾವಿನ ವಿಷ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಕೀಲಿಕೈ ತಯಾರಾಗುವ ನರದ ತುದಿಯನ್ನೇ ಹಾಳು ಮಾಡುತ್ತದೆ. ಕಚ್ಚಿದ್ದು ಹೆಚ್ಚು ನೋಯದೆ ಇರುವುದರಿಂದ ರಾತ್ರಿ ಮಲಗಿದವರಿಗೆ ಗೊತ್ತೇ ಆಗದಿರಬಹುದು. ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದು ಕೊಡುವುದುಂಟು. ಅದು ಕೀಲಿಕೈಗಳ ಸಂಖ್ಯೆ ಹೆಚ್ಚಿಸಿ ವಿಷದೊಂದಿಗೆ ಪೈಪೋಟಿಗೆ ಬಿಡುತ್ತದೆ. ನಾಗರಹಾವಿನ ಕಡಿತದಲ್ಲಿ ಇದು ನೆರವಾಗುತ್ತದೆ. ಕಟ್ಟುಹಾವಿನದರಲ್ಲಿ ಅಷ್ಟಾಗಿ ಇಲ್ಲ, ಯಾಕೆಂದರೆ ಅಲ್ಲಿ ಕೀಲಿಕೈ ಹೊರಬರುವ ದಾರಿಯೇ ಮುರಿದಿದೆ. ಯಾವ ಹಾವು, ಯಾವ ಮದ್ದು ಎನ್ನುವ ವೈದ್ಯರ ತೀರ್ಮಾನದ ಹಿಂದೆ ನರವಿಜ್ಞಾನ ಹೀಗೆ ಕೂತಿರುತ್ತದೆ.

ಇನ್ನು ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ ಅನ್ನು ಗುಡಿಸಿ ಹಾಕುವ ಒಂದು ಕಿಣ್ವ ಸಂದಿನಲ್ಲಿರುತ್ತದೆ. ಈ ಜಾತಿಯ ಕೀಟನಾಶಕ ಆ ಗುಡಿಸುವವನ ಕೈ ಕಟ್ಟುತ್ತದೆ. ಕೀಲಿಕೈ ರಾಶಿ ಬಿದ್ದು, ಬೆವರು, ಜೊಲ್ಲು, ವಾಂತಿ, ಸ್ನಾಯುಗಳ ಅದುರು ಒಟ್ಟಿಗೇ ಶುರುವಾಗುತ್ತವೆ. (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಈ ಜಾತಿಯದಲ್ಲ, ಅದು ಮೈಲುತುತ್ತ ಮತ್ತು ಸುಣ್ಣ.) ಅದೇ ಕಿಣ್ವವನ್ನು ಹದವಾಗಿ ತಡೆಯುವ ಡೊನೆಪೆಜಿಲ್ ಎಂಬ ಮಾತ್ರೆಯನ್ನು ಮರೆಗುಳಿ ರೋಗವಾದ ಅಲ್ಜೈಮರ್ಸ್‌ಗೆ ಕೊಡುತ್ತಾರೆ, ಮಿದುಳಿನಲ್ಲಿ ಕಡಿಮೆಯಾದ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯಲಿ ಎಂದು.

‘ಇಂಟಿಗ್ರೇಟೆಡ್’ ಎಂದರೆ ನೇರ ಬಸ್ಸು

ಈಗ ಕೋರ್ಸಿಗೆ ಬರೋಣ. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಎರಡು ರೀತಿ ಹೋಗಬಹುದು. ಶಿವಮೊಗ್ಗದಲ್ಲಿ ಇಳಿದು ಇನ್ನೊಂದು ಬಸ್ಸೋ ರೈಲೋ ಹಿಡಿಯುವುದು ಒಂದು. ನೇರ ಬಸ್ಸಿನಲ್ಲಿ ಕೂತು ಬೆಂಗಳೂರಿನಲ್ಲೇ ಇಳಿಯುವುದು ಇನ್ನೊಂದು.

ಬಿಎಸ್ಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಬೇರೆ ಕಡೆ ಎಂಎಸ್ಸಿ ಸೇರುವುದು ಇಳಿದು ಹತ್ತುವ ದಾರಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ, ಹಾಗಾಗಿ ಇದು ಮೂರು ಮತ್ತು ಎರಡು, ಒಟ್ಟು ಐದು ವರ್ಷ. ಇಂಟಿಗ್ರೇಟೆಡ್ ಕೋರ್ಸಿನಲ್ಲಿ ಪದವಿ, ಸ್ನಾತಕೋತ್ತರ ಎರಡಕ್ಕೂ ಒಂದೇ ಪ್ರವೇಶ. ಭಾರತದಲ್ಲಿ ಸಾಮಾನ್ಯವಾಗಿ ಐದು ವರ್ಷ. ಇಂಗ್ಲೆಂಡಿನಲ್ಲಿ ನಾಲ್ಕು, ಅಲ್ಲಿ ಇದಕ್ಕೆ ಎಂಸೈ ಎನ್ನುತ್ತಾರೆ, ಮೂರು ವರ್ಷ ಬಿಎಸ್ಸಿ ಮಟ್ಟ, ನಾಲ್ಕನೆಯದು ಸ್ನಾತಕೋತ್ತರ ಮಟ್ಟ.

ನೇರ ಬಸ್ಸಿನ ಅನುಕೂಲ, ನಡುವೆ ಸೀಟಿಗಾಗಿ ಮತ್ತೆ ಹೋರಾಡಬೇಕಿಲ್ಲ. ಪರೀಕ್ಷೆಗೆ ಓದುವ ಆ ಸಮಯ ಪ್ರಯೋಗಾಲಯಕ್ಕೆ ಸಿಗುತ್ತದೆ. ಅನಾನುಕೂಲವೂ ಅಲ್ಲೇ ಇದೆ: ಅರ್ಧ ದಾರಿಯಲ್ಲಿ ಬೇಡ ಅನ್ನಿಸಿದರೆ ಇಳಿಯುವುದು ಕಷ್ಟ. ಹದಿನೆಂಟು ವಯಸ್ಸಿನಲ್ಲಿ ಐದು ವರ್ಷ ಮುಂದಿನದನ್ನು ತೀರ್ಮಾನಿಸುವುದು ಸಣ್ಣ ಮಾತಲ್ಲ. ಮಧ್ಯದಲ್ಲಿ ಬಿಟ್ಟರೆ ಪದವಿ ಪ್ರಮಾಣಪತ್ರ ಕೊಡುತ್ತಾರೋ ಇಲ್ಲವೋ, ಯಾವ ವರ್ಷದ ಕೊನೆಗೆ ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸೇರುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ವರ್ಷ ವರ್ಷಕ್ಕೆ ಓದು

ಮೊದಲ ವರ್ಷದಲ್ಲಿ ಮಿದುಳಿನ ಸುದ್ದಿ ಕಡಿಮೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಕೋಶ, ಸಂಖ್ಯಾಶಾಸ್ತ್ರ, ಜೊತೆಗೆ ಪೈಥಾನ್‌ನಂಥ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು. ‘ಇದನ್ನು ಓದಲು ಬಂದೆನಾ’ ಎಂದು ಮಕ್ಕಳು ಬೇಸರಪಡುವುದು ಆಗಲೇ. ಆದರೆ ಅಡಿಕೆಯ ಕಥೆ ನೋಡಿ: ನಕಲಿ ಕೀಲಿಕೈ ಯಾಕೆ ಕೂರುತ್ತದೆ ಎನ್ನಲು ರಸಾಯನಶಾಸ್ತ್ರ ಬೇಕು, 70 ಮಿಲಿವೋಲ್ಟ್ ಎಲ್ಲಿಂದ ಬಂತು ಎನ್ನಲು ಭೌತಶಾಸ್ತ್ರ ಬೇಕು, ಅಲೆಯ ವೇಗ ಹೇಳಲು ಗಣಿತ ಬೇಕು.

ಎರಡು, ಮೂರನೇ ವರ್ಷದಲ್ಲಿ ಮಿದುಳಿನ ರಚನೆ, ನರಕೋಶದ ವಿದ್ಯುತ್ತು, ಸಿನಾಪ್ಸ್, ಕಣ್ಣು-ಕಿವಿ-ಸ್ಪರ್ಶ, ಕಲಿಕೆ, ನೆನಪು, ನಿದ್ದೆ, ಮಿದುಳು ಬೆಳೆಯುವ ಬಗೆ ಒಂದೊಂದಾಗಿ ಬರುತ್ತವೆ. ಆಮೇಲೆ ದಾರಿ ಕವಲೊಡೆಯುತ್ತದೆ. ಕೆಲವರು ಅಣು ಮತ್ತು ವಂಶವಾಹಿಗಳ ಕಡೆ, ಕೆಲವರು ಮನುಷ್ಯನ ವರ್ತನೆಯ ಕಡೆ, ಗಣಿತ ಇಷ್ಟಪಡುವವರು ಕಂಪ್ಯೂಟರಿನಲ್ಲಿ ನರಜಾಲ ಕಟ್ಟುವ ಕಡೆ ಹೋಗುತ್ತಾರೆ. ಪ್ರಾಣಿ ಕೊಯ್ಯಬೇಕಾಗುತ್ತದಾ ಎಂದು ಅಪ್ಪ ಅಳುಕಿನಿಂದ ಕೇಳಿದರು. ಕೆಲವು ಪ್ರಯೋಗಾಲಯಗಳಲ್ಲಿ ಹೌದು, ನೀತಿ ಸಮಿತಿಯ ಅನುಮತಿ ಪಡೆದು. ಎಷ್ಟೋ ಕಡೆ ಬೇಕಿಲ್ಲ. ಹಲಸಿನ ಹಣ್ಣು ಕೊಯ್ದ ಕೂಡಲೇ ಮುತ್ತುವ ಪುಟ್ಟ ಹಣ್ಣುನೊಣ ಇದೆಯಲ್ಲ, ಅದರ ಇಡೀ ಮಿದುಳಿನ ತಂತಿನಕ್ಷೆ, ಸುಮಾರು 1.39 ಲಕ್ಷ ನರಕೋಶಗಳದು, 2024ರಲ್ಲಿ ಪ್ರಕಟವಾಯಿತು. ಅದನ್ನು ಕಂಪ್ಯೂಟರಿನ ಮುಂದೆ ಕೂತೇ ಅಭ್ಯಾಸ ಮಾಡಬಹುದು.

ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಸೆಮಿಸ್ಟರ್ ಭಾರವಾಗುತ್ತದೆ. ಪಾಠ, ಪುಸ್ತಕ ಎಲ್ಲ ಇಂಗ್ಲಿಷ್. ನನ್ನ ಅನುಭವದಲ್ಲಿ ವಿಷಯ ಕನ್ನಡದಲ್ಲಿ ಚೆನ್ನಾಗಿ ಅರ್ಥವಾಗಿದ್ದವರಿಗೆ ಪದ ಕಲಿಯಲು ಕೆಲವು ತಿಂಗಳು ಸಾಕು. ಅರ್ಥವಾಗದೆ ಉರುಹೊಡೆದವರಿಗೆ ಯಾವ ಭಾಷೆಯೂ ನೆರವಿಗೆ ಬರುವುದಿಲ್ಲ.

ಕೊನೆಯ ವರ್ಷ: ಒಂದೇ ಪ್ರಶ್ನೆ

ಈ ಕೋರ್ಸಿನ ಜೀವ ಇರುವುದು ಕೊನೆಯ ವರ್ಷದಲ್ಲಿ. ತರಗತಿ ಹೆಚ್ಚುಕಡಿಮೆ ಮುಗಿದು, ಒಬ್ಬ ವಿಜ್ಞಾನಿಯ ಪ್ರಯೋಗಾಲಯ ಸೇರಿ, ಇನ್ನೂ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆಯ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿ ಪ್ರಬಂಧ ಬರೆಯಬೇಕು.

ಅಲ್ಲಿನ ದಿನ ಹೇಗಿರುತ್ತದೆ? ಪ್ಯಾಚ್ ಕ್ಲಾಂಪ್ ಎಂಬ ವಿಧಾನವನ್ನೇ ನೋಡೋಣ. ಕಂಪನ ತಾಗದಂತೆ ಗಾಳಿಯ ಮೇಲೆ ತೇಲುವ ಮೇಜು, ಸುತ್ತ ಲೋಹದ ಜಾಲರಿಯ ಗೂಡು, ಮಧ್ಯೆ ಸೂಕ್ಷ್ಮದರ್ಶಕ. ಅದರಡಿ ಆಮ್ಲಜನಕ ಹಾಯಿಸಿದ ಉಪ್ಪುನೀರಿನಲ್ಲಿ ಇಲಿಯ ಮಿದುಳಿನ ತೆಳುವಾದ ಹೋಳು, ಇನ್ನೂ ಕೆಲವು ಗಂಟೆ ಜೀವಂತ. ಕೂದಲಿಗಿಂತ ಹತ್ತಾರು ಪಟ್ಟು ಸಪೂರ ತುದಿಯ ಗಾಜಿನ ಕೊಳವೆಯನ್ನು ಒಂದು ನರಕೋಶಕ್ಕೆ ಮುಟ್ಟಿಸಿ, ಕೊಳವೆಯ ಇನ್ನೊಂದು ತುದಿಯಿಂದ ಬಾಯಲ್ಲಿ ಮೆಲ್ಲಗೆ ಗಾಳಿ ಎಳೆಯಬೇಕು. ಪೊರೆ ಗಾಜಿಗೆ ಬಿಗಿಯಾಗಿ ಅಂಟಿದರೆ ಪೊರೆಯ ಒಂದೇ ಗೇಟು ತೆರೆಯುವುದು, ಮುಚ್ಚುವುದು ಪರದೆಯ ಮೇಲೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಒಂದು ಅಣುವಿನ ಕೆಲಸವನ್ನು ಅದು ನಡೆಯುತ್ತಿರುವಾಗಲೇ ನೋಡುವುದು! ಈ ವಿಧಾನ ಕಂಡುಹಿಡಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಬಂತು. ಆದರೆ ಕಲಿಯುವವರಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರೂ ಒಂದೂ ಕೋಶ ಅಂಟದ ದಿನಗಳಿರುತ್ತವೆ. ಅಂಥ ದಿನಗಳನ್ನು ತಡೆದುಕೊಂಡು ಮರುದಿನ ಮತ್ತೆ ಹೋಗುವವರಿಗೆ ಈ ಓದು.

ನಾನು ಇದನ್ನು ಹೇಳುವಾಗ ಹುಡುಗಿ ಸುಮ್ಮನಿದ್ದು, ಆಮೇಲೆ ಒಂದು ಮಾತು ಕೇಳಿದಳು. ಅವಳ ಅಜ್ಜನಿಗೆ ಮಂಗನ ಕಾಯಿಲೆ ಬಂದು ಜ್ವರ ಬಿಟ್ಟಿತ್ತಂತೆ. ಕೆಲವು ದಿನ ಬಿಟ್ಟು ಮತ್ತೆ ಜ್ವರ, ತಡೆಯಲಾರದ ತಲೆನೋವು, ಕೈ ನಡುಕ, ಗುರುತು ಸಿಗದ ಹಾಗೆ ಮಾತು. “ಉಣ್ಣೆ ಕಚ್ಚಿದ್ದು ಕಾಲಿಗೆ ಮೇಡಂ. ಅದು ತಲೆಗೆ ಹೇಗೆ ಹೋಯ್ತು?” 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ರಕ್ತ ಹೀರುವ ಉಣ್ಣೆಹುಳು ಕಚ್ಚಿ ಹರಡುವ ಈ ವೈರಸ್ ರೋಗದಲ್ಲಿ ಕೆಲವರಿಗೆ ಇಂಥ ಎರಡನೇ ಸುತ್ತು ಬರುತ್ತದೆ ಎನ್ನುವುದು ವೈದ್ಯರಿಗೆ ಗೊತ್ತು. ರಕ್ತ ಮತ್ತು ಮಿದುಳಿನ ನಡುವೆ ಒಂದು ಬಿಗಿಯಾದ ತಡೆಗೋಡೆ ಇದೆ. ಕೆಲವು ವೈರಸ್‌ಗಳು ಅದನ್ನು ದಾಟುತ್ತವೆ, ಕೆಲವು ಸಲ ದೇಹದ ರಕ್ಷಣಾ ಪಡೆಯ ಉರಿಯೂತವೇ ಗೋಡೆಯನ್ನು ಸಡಿಲ ಮಾಡುತ್ತದೆ. ಇಷ್ಟು ನಾನು ಹೇಳಬಲ್ಲೆ. ಅದಕ್ಕಿಂತ ಆಳಕ್ಕೆ ಹೋಗುವುದು ಕೊನೆಯ ವರ್ಷದ ಕೆಲಸ. ಅಪ್ಪನ ಕಡೆ ತಿರುಗಿ, “ನೋಡಿ, ಇವಳು ಈಗಾಗಲೇ ಕೇಳಲು ಶುರುಮಾಡಿದ್ದಾಳೆ” ಎಂದೆ.

ಎಲ್ಲಿದೆ, ಹೇಗೆ ಸೇರುವುದು, ಖರ್ಚೆಷ್ಟು

ಭಾರತದಲ್ಲಿ ‘ನ್ಯೂರೋಸೈನ್ಸ್’ ಎಂದೇ ಹೆಸರಿರುವ ಐದು ವರ್ಷದ ಕೋರ್ಸುಗಳು ವಿರಳ. ಹೆಸರು ಹುಡುಕುತ್ತಾ ಹೋದರೆ ಒಳ್ಳೆಯ ಜಾಗಗಳು ತಪ್ಪಿಹೋಗುತ್ತವೆ. ಹೆಚ್ಚಿನವರು ಸಾಮಾನ್ಯ ವಿಜ್ಞಾನ ಅಥವಾ ಜೀವಶಾಸ್ತ್ರದ ಕೋರ್ಸು ಸೇರಿ, ನರವಿಜ್ಞಾನದ ಐಚ್ಛಿಕ ವಿಷಯ ತೆಗೆದುಕೊಂಡು, ಕೊನೆಯ ವರ್ಷದ ಪ್ರಬಂಧವನ್ನು ಅದರಲ್ಲೇ ಮಾಡುತ್ತಾರೆ. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಕಡೆ ಇರುವ ಐಸರ್‌ಗಳಲ್ಲಿ (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಐದು ವರ್ಷದ ಬಿಎಸ್-ಎಂಎಸ್ ಇದೆ. ಪ್ರವೇಶಕ್ಕೆ ಐಎಟಿ ಪರೀಕ್ಷೆ: ಜೀವಶಾಸ್ತ್ರ, ಗಣಿತ, ಭೌತ, ರಸಾಯನ, ತಲಾ 15 ಪ್ರಶ್ನೆ. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ತೊಡಕಾಗುವುದು ಇಲ್ಲೇ. ಅಂಥದೇ ಇನ್ನೊಂದು ಸಂಸ್ಥೆಯಾದ ಭುವನೇಶ್ವರದ ನೈಸರ್‌ನಲ್ಲಿ ಐದು ವರ್ಷದ ಎಂಎಸ್ಸಿಗೆ ನೆಸ್ಟ್ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿಎಸ್, ಬೇಕಿದ್ದವರಿಗೆ ಐದನೇ ವರ್ಷದಲ್ಲಿ ಸ್ನಾತಕೋತ್ತರ ಪದವಿ. ನಮ್ಮ ಸಿಇಟಿ ರ‍್ಯಾಂಕ್ ಇವುಗಳಲ್ಲಿ ಯಾವುದಕ್ಕೂ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿಯ ದಿನ ಕಳೆದುಕೊಳ್ಳುವವರೇ ನಮ್ಮ ಕಡೆ ಜಾಸ್ತಿ.

ಇಳಿದು ಹತ್ತುವ ದಾರಿಯೂ ಕೀಳಲ್ಲ. ಶಿವಮೊಗ್ಗದಲ್ಲೋ ಸಾಗರದಲ್ಲೋ ಬಿಎಸ್ಸಿ ಮಾಡಿ, ಜ್ಯಾಮ್ ಪರೀಕ್ಷೆ ಬರೆದು ಐಐಟಿಗಳ ಎಂಎಸ್ಸಿಗೆ ಹೋಗಬಹುದು; ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ.

ಹೊರದೇಶದ್ದು ಖರ್ಚಿನ ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಂಥ ಕಡೆ ನರವಿಜ್ಞಾನದ್ದೇ ಎಂಸೈ ಇದೆ. ಆದರೆ ಬ್ರಿಟನ್ನಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಬೋಧನಾ ಶುಲ್ಕವೇ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವುದು ಸಾಮಾನ್ಯ, ಊಟ-ವಸತಿ ಬೇರೆ. ಅಲ್ಲಿನ ಸರ್ಕಾರ ಅಲ್ಲಿಯ ಮಕ್ಕಳಿಗೆ ಕೊಡುವ ಸಾಲ ನಮಗೆ ಸಿಗುವುದಿಲ್ಲ. ತೋಟ ಅಡವಿಡುವ ಮೊದಲು ಇಲ್ಲಿಯ ದಾರಿ ಪೂರ್ತಿ ನೋಡಿ ಎಂದು ನಾನು ಅಪ್ಪನಿಗೆ ಸ್ಪಷ್ಟವಾಗಿಯೇ ಹೇಳಿದೆ. ಇಲ್ಲಿ ಮೂಲವಿಜ್ಞಾನ ಓದುವ, ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇ 1ರೊಳಗೆ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿವರೆಗೆ ಇದೆ.

ಓದಾದ ಮೇಲೆ

ಸಂಶೋಧಕರಾಗಬೇಕಾದರೆ ಪಿಎಚ್‌ಡಿ ಬೇಕೇ ಬೇಕು, ಇನ್ನೂ ಐದಾರು ವರ್ಷ. ಅದು ದುಡ್ಡು ಕೊಟ್ಟು ಓದುವ ಓದಲ್ಲ: ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಇದಕ್ಕೆ ಹೆಸರಾದ ಜಾಗಗಳು. ಪಿಎಚ್‌ಡಿ ಬೇಡ ಎಂದರೆ ಔಷಧ ಕಂಪನಿಗಳು, ಔಷಧ ಪರೀಕ್ಷೆ ನಡೆಸುವ ಸಂಸ್ಥೆಗಳು, ದತ್ತಾಂಶ ವಿಶ್ಲೇಷಣೆ, ವಿಜ್ಞಾನ ಬರವಣಿಗೆ, ಬೋಧನೆ ಇವೆ. ಇವುಗಳಲ್ಲಿ ಪ್ರೋಗ್ರಾಂ ಬರೆಯಲು, ಸಂಖ್ಯಾಶಾಸ್ತ್ರ ಬಳಸಲು ಬರುವವರಿಗೆ ಬೇಗ ಕೆಲಸ. ಆಪ್ತಸಮಾಲೋಚನೆ, ಕ್ಲಿನಿಕಲ್ ಸೈಕಾಲಜಿ ಮಾಡುವ ಮನಸ್ಸಿದ್ದರೆ ಅದು ಬೇರೆಯೇ ಓದು, ಬೇರೆಯೇ ಪರವಾನಗಿ.

ಹೊರಡುವ ಮುನ್ನ ಹುಡುಗಿ ನೋಟ್‌ಬುಕ್ ತೆರೆದು, ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ ಏನೇನು ಕೇಳಬೇಕು ಎಂದಳು. ನಾನು ಬರೆಸಿದ್ದು ಇಷ್ಟು: ನರವಿಜ್ಞಾನದಲ್ಲಿ ಕೆಲಸ ಮಾಡುವ ಅಧ್ಯಾಪಕರು ನಿಮ್ಮಲ್ಲಿ ಎಷ್ಟು ಜನ, ಅವರ ಪ್ರಯೋಗಾಲಯಕ್ಕೆ ಪದವಿ ಹಂತದವರನ್ನು ಯಾವ ವರ್ಷದಿಂದ ಸೇರಿಸುತ್ತಾರೆ? ಕೊನೆಯ ವರ್ಷದ ಪ್ರಬಂಧವನ್ನು ನಿಮ್ಹಾನ್ಸ್‌ನಂಥ ಬೇರೆ ಸಂಸ್ಥೆಯಲ್ಲಿ ಮಾಡಲು ಬಿಡುತ್ತೀರಾ? ನಡುವೆ ಬಿಟ್ಟರೆ ಏನು ಸಿಗುತ್ತದೆ? ಕಳೆದ ಸಲ ಮುಗಿಸಿದವರು ಈಗ ಎಲ್ಲಿದ್ದಾರೆ? ಅವಳು ಐದನೆಯದನ್ನು ತಾನೇ ಸೇರಿಸಿಕೊಂಡಳು: ನಿಮ್ಮಲ್ಲಿ ಯಾರಾದರೂ ಉಣ್ಣೆಯಿಂದ ಬರುವ ವೈರಸ್ ಮೇಲೆ ಕೆಲಸ ಮಾಡುತ್ತಿದ್ದಾರಾ?